ಆನವಟ್ಟಿ ರಸ್ತೆಯ ಕೆಮ್ಮಣ್ಣಿನ ಮರಗಳು

ರಸ್ತೆ ಕೆಲಸವೆಂದರೆ ಜಲ್ಲಿ, ಮಣ್ಣು, ರೋಲರ್ ಎಂದುಕೊಂಡು ಇಲಾಖೆಗೆ ಸೇರುವ ಹುಡುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅರ್ಧ ಸರ್ವೀಸು ಮರದ ಬುಡದಲ್ಲಿ ನಿಂತು ಬೈಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಕಡಿದರೆ ಬೈಯುತ್ತಾರೆ, ಕಡಿಯದಿದ್ದರೆ ಬೈಯುತ್ತಾರೆ. ಕಡಿಯುತ್ತೀರಾ ಎಂದು ಕೇಳಲು ಬಂದವರು ಉತ್ತರ ಕೇಳುವ ಮೊದಲೇ ಬೈದು ಹೋಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ನಾನು ಸರ್ವೀಸಿನ ಉದ್ದಕ್ಕೂ ಬೈಸಿಕೊಂಡವನು, ಈಗಲೂ ಎರಡು ಹೊತ್ತು ಚೆನ್ನಾಗಿ ಉಣ್ಣುತ್ತೇನೆ.

ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ? ಮರಗಳ ಸಂಗತಿಯನ್ನಷ್ಟೇ ಹೇಳುತ್ತೇನೆ. ಅದನ್ನು ಯಾವ ಎಂಜಿನಿಯರಿಂಗ್ ಶಾಲೆಯಲ್ಲೂ ಕಲಿಸುವುದಿಲ್ಲ.

ನಾನು ಓವರ್ಸಿಯರ್ ಆಗಿ ಮೊದಲು ಬಂದದ್ದು ಶಿಕಾರಿಪುರಕ್ಕೆ, ಐವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ. ಆಗಷ್ಟೇ ಬಸ್ಸುಗಳು ಹೆಚ್ಚಾಗುತ್ತಿದ್ದವು. ಬಸ್ಸಿನ ತಲೆಯ ಮೇಲೆ ಮೂಟೆ, ಕೋಳಿಪಂಜರ, ಸೈಕಲ್ಲು ಎಲ್ಲ ಹೇರುತ್ತಿದ್ದರು. ಊರ ಹೊರಗೆ ರಸ್ತೆಗೆ ಬಾಗಿದ್ದ ಒಂದು ಹುಣಸೆಮರದ ಟೊಂಗೆ ಆ ಮೂಟೆಗಳನ್ನು ದಿನವೂ ಹರಿಯುತ್ತಿತ್ತು. ಅಂಗಡಿಯವರೆಲ್ಲ ಸೇರಿ ಟೊಂಗೆ ಕಡಿಸಿ ಎಂದು ಅರ್ಜಿ ಕೊಟ್ಟರು. ನಾನು ಆಳು ಕರೆದುಕೊಂಡು ಹೋದರೆ, ಅರ್ಜಿ ಕೊಟ್ಟವರೇ ಅಡ್ಡ ನಿಂತಿದ್ದಾರೆ! ಮುಂದೆ ನಿಂತವರು ಖಾಸಿಂ ಸಾಬರು. ಆ ಮರದ ಕೆಳಗೆ ಎತ್ತುಗಳನ್ನು ಕೆಡವಿ ಲಾಳ ಹೊಡೆಯುವುದು ಅವರ ಮನೆತನದ ಕಸುಬು.

“ಟೊಂಗಿ ಬೇಕಾದ್ರ ಕಡೀರಿ ಸಾಹೇಬ್ರ, ನೆರಳು ಮಾತ್ರ ಕಡೀಬ್ಯಾಡ್ರಿ,” ಅಂದರು.

“ಟೊಂಗೆ ಹೋದಮೇಲೆ ನೆರಳು ಎಲ್ಲಿ ಉಳಿಯುತ್ತೆ ಸಾಬ್ರೇ?”

“ಅದು ನಿಮ್ಮ ಇಲಾಖಿ ತಾಪತ್ರಯ. ನಂದಲ್ರೀ.”

ನನಗೆ ಸಿಟ್ಟು ಬಂತು, ನಗುವೂ ಬಂತು. ಟೊಂಗೆಯನ್ನು ಮೇಲೆತ್ತಲು ಆಗದಿದ್ದರೆ ರಸ್ತೆಯನ್ನೇ ಕೆಳಗಿಳಿಸೋಣ ಎಂದು ಯೋಚಿಸಿದೆ. ವರ್ಷವರ್ಷವೂ ಸುರಿದ ಜಲ್ಲಿ ಆ ಜಾಗದಲ್ಲಿ ದಿಬ್ಬವಾಗಿತ್ತು. ಅದನ್ನು ಕೆರೆಸಿ ತೆಗೆಸಿದೆ. ಬಸ್ಸು ಸಲೀಸಾಗಿ ದಾಟಿತು. ಜನ ಚಪ್ಪಾಳೆ ತಟ್ಟಿದರು, ನಾನು ಮೀಸೆ ತಿರುವಿಕೊಂಡೆ. ಮೊದಲ ಮಳೆಗೆ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ಊರೆಲ್ಲ ನನ್ನ ಹಿಡಿದು ಝಾಡಿಸಿತು. ಖಾಸಿಂ ಸಾಬರೊಬ್ಬರೇ ಖುಷಿಯಾಗಿದ್ದವರು. “ಎತ್ತಿಗೆ ನೆರಳು ಇತ್ತು, ಈಗ ನೀರೂ ಮಾಡಿಕೊಟ್ರಿ. ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರಲಿ,” ಅಂದರು. ಚರಂಡಿ ತೋಡಿಸುವ ತನಕ ನಾನು ಆ ದಾರಿಯಲ್ಲಿ ತಲೆಯೆತ್ತಿ ಓಡಾಡಲಿಲ್ಲ.

ಅಲ್ಲಿಂದ ನನ್ನನ್ನು ಸೊರಬಕ್ಕೆ ಹಾಕಿದರು. ಸೊರಬದಿಂದ ಆನವಟ್ಟಿಗೆ ಹೋಗುವ ದಾರಿ ಆಗ ಗಾಡಿ ದಾರಿಗಿಂತ ಸ್ವಲ್ಪ ಮೇಲು, ಅಷ್ಟೇ. ಎದುರಿನಿಂದ ಎತ್ತಿನಗಾಡಿ ಬಂದರೆ ಬಸ್ಸು ನಿಂತು ದಾರಿ ಬಿಡಬೇಕು. ಅದನ್ನು ಅಗಲ ಮಾಡುವ ಕೆಲಸ ನನಗೆ ಬಂತು.

ನನ್ನ ಮೇಲಿನವರು ಅಸಿಸ್ಟೆಂಟ್ ಎಂಜಿನಿಯರ್ ಶೇಷಗಿರಿರಾಯರು, ಮೈಸೂರಿನ ಕಡೆಯವರು. ಸಣಕಲು ದೇಹ, ಖಾಕಿ ಚಡ್ಡಿ, ತಲೆಗೆ ಬೆಂಡಿನ ಟೋಪಿ, ಕಾಲಿಗೆ ಮೊಣಕಾಲ ತನಕ ಲೇಸು ಕಟ್ಟಿದ ಬೂಟು. ಅವರ ಪ್ರಕಾರ ಭೂಮಿಯ ಮೇಲೆ ಎರಡೇ ಪವಿತ್ರ ವಸ್ತು: ನೇರವಾದ ರಸ್ತೆ, ನೆಟ್ಟಗಿನ ರೂಲು. “ರಸ್ತೆ ಅಂದ್ರೆ ದಾರ ಎಳೆದ ಹಾಗೆ ಇರಬೇಕು ಕಣ್ರೀ. ಡೊಂಕು ಬೇಕಾದ್ರೆ ನಾಯಿ ಬಾಲ ನೋಡಿಕೊಳ್ಳಲಿ,” ಎನ್ನುತ್ತಿದ್ದರು. ಅವರ ಬೈಗುಳಕ್ಕೆ ನಾವೆಲ್ಲ ಹೆದರುತ್ತಿದ್ದೆವು. ಆದರೆ ಒಂದು ಮಾತು ನಿಜ: ಬೇರೆಯವರಿಗೆ ಹಾಕಿದ ರೂಲನ್ನು ತಮಗೂ ಹಾಕಿಕೊಳ್ಳುವ ಮೇಲಧಿಕಾರಿಯನ್ನು ನಾನು ಅವರ ನಂತರ ಹೆಚ್ಚು ಕಾಣಲಿಲ್ಲ.

ಸಾಲುಮರದ ಕಾಯಿದೆ ಕೇಳಲು ಸರಳ. ರಸ್ತೆಯ ಗಡಿಯೊಳಗಿನ ಮರ, ಯಾರೇ ನೆಟ್ಟಿರಲಿ, ಸರ್ಕಾರದ್ದು. ಹಳ್ಳಿಯವರು ಒಂದು ಟೊಂಗೆ ಮುರಿದರೂ ದಂಡ. ಹಾಗೆಂದು ಸರ್ಕಾರವೂ ಬೇಕಾದಾಗ ಕೊಡಲಿ ಎತ್ತುವಂತಿಲ್ಲ. ಕಡಿಯುವ ಮರಕ್ಕೆ ಗುರುತು ಹಾಕಬೇಕು, ಡಂಗುರ ಹೊಡೆಸಬೇಕು, ತಕರಾರು ಇದ್ದವರ ಮಾತು ಕೇಳಬೇಕು, ಆಮೇಲೆ ಹುಕುಂ.

ಮೊದಲು ಗುರುತು ಹಾಕುತ್ತಿದ್ದದ್ದು ಮರದ ತೊಗಟೆ ಕೆತ್ತಿ. ಅದರಲ್ಲೊಂದು ಮೋಸ ನಡೆಯುತ್ತಿತ್ತು. ಕಂಟ್ರಾಕ್ಟರುಗಳು ಪಕ್ಕದ ಒಳ್ಳೆಯ ಮರಕ್ಕೂ ತಾವೇ ಒಂದು ಕೆತ್ತು ಹಾಕಿ ಉರುಳಿಸಿಬಿಡುತ್ತಿದ್ದರು. ರಾಯರು ಅದಕ್ಕೆ ಹೊಸ ಕ್ರಮ ತಂದರು. ಕಡಿಯುವ ಮರಕ್ಕೆ ಕೆಂಪು ಚೌಕ ಬಳಿದು ಅದರ ಮೇಲೆ ಬಿಳಿಯಲ್ಲಿ ನಂಬರು ಬರೆಯಬೇಕು. ಗುರುತು ಸ್ಪಷ್ಟವಾಗಿ ಕಾಣದ ಮರಕ್ಕೆ ಯಾರೂ ಕೊಡಲಿ ಮುಟ್ಟಿಸಬಾರದು, ಮುಟ್ಟಿಸಿದರೆ ಓವರ್ಸಿಯರನೇ ಹೊಣೆ ಎಂದು ಅಪ್ಪಣೆಯಾಯಿತು. ಬಣ್ಣವೇನೋ ಶಿವಮೊಗ್ಗದಿಂದ ಬರಬೇಕಿತ್ತು, ಬರಲಿಲ್ಲ. “ಬಣ್ಣ ಬರೋ ತನಕ ರಸ್ತೆ ಕಾಯುತ್ತೇನ್ರೀ? ಕೆಮ್ಮಣ್ಣು, ಸುಣ್ಣ ಇಲ್ವೇ ಈ ಊರಲ್ಲಿ?” ಎಂದರು ರಾಯರು. ಇತ್ತು, ಬೇಕಾದಷ್ಟಿತ್ತು. ಎಲ್ಲ ಎಡವಟ್ಟು ಶುರುವಾದದ್ದೇ ಅಲ್ಲಿ.

ಡಂಗುರ ಹೊಡೆಸಿದ್ದು ಆನವಟ್ಟಿ ಸಂತೆಯಲ್ಲಿ. ಆ ವಾರ ಜನ ಗದ್ದೆಯ ಕಳೆ ಕೀಳುವುದರಲ್ಲಿದ್ದರು, ಸಂತೆಗೆ ಬಂದವರು ಕಡಿಮೆ. ಕಿವಿಗೆ ಬಿದ್ದವರು ಬೇರೆ ಊರಿನವರು. ತಕರಾರು ಒಂದೂ ಬರಲಿಲ್ಲ. ನಾನು ಗ್ಯಾಂಗಿನವರನ್ನು ಕರೆದುಕೊಂಡು, ದಾರಿಯ ನಡುವೆ ಸಿಗುವ ಒಂದು ಹಳ್ಳಿಯ ಸಾಲುಮರಗಳಿಗೆ ಗುರುತು ಹಾಕಿಸಿದೆ. ಮಾವು, ನೇರಳೆ, ಹೊಂಗೆ, ತಿರುವಿನಲ್ಲಿ ಒಂದು ದೊಡ್ಡ ಹಲಸು. ಕೆಂಪು ಚೌಕ, ಬಿಳಿ ನಂಬರು. ಊರಲ್ಲಿ ಯಾರೂ ಇರಲಿಲ್ಲ, ಎಲ್ಲ ಗದ್ದೆಯಲ್ಲಿ. ಕೆಲಸ ಮುಗಿಸಿ ಮೋರಿಯೊಂದನ್ನು ನೋಡಲು ಸೊರಬಕ್ಕೆ ಹೋದೆ.

ಕೆಲವು ದಿನ ಬಿಟ್ಟು ಬೆಳಿಗ್ಗೆ ಸೈಕಲ್ಲಿನಲ್ಲಿ ಅದೇ ಹಳ್ಳಿಗೆ ಬಂದವನು, ತಿರುವಿನಲ್ಲಿ ಬ್ರೇಕು ಹಿಡಿಯಲು ಹೋಗಿ ಬೇಲಿಗೆ ಬಿದ್ದೆ. ನನ್ನ ಮರಗಳು ಇರಲಿಲ್ಲ! ಅಂದರೆ ಮರಗಳಿದ್ದವು, ಆದರೆ ನಾನು ಬಿಟ್ಟುಹೋದ ಹಾಗಿರಲಿಲ್ಲ. ಒಂದೊಂದರ ಬುಡಕ್ಕೂ ಆಳೆತ್ತರ ಕೆಮ್ಮಣ್ಣು ಸಾರಿಸಿದೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಕೂದಲೆಳೆಯಂಥ ಗೆರೆಗಳು, ಏಣಿ, ಭತ್ತದ ತೆನೆ, ಪಲ್ಲಕ್ಕಿ, ಕೈಕೈ ಹಿಡಿದ ಗಂಡು ಹೆಣ್ಣು. ನನ್ನ ೨ಕ್ಕೆ ಕಾಲು ಮೂಡಿ ಕೊಕ್ಕರೆಯಾಗಿತ್ತು. ನನ್ನ ೦ ಭತ್ತದ ಕಣಜವಾಗಿತ್ತು. ನಂಬರು ಹಾಕದ ಮರಗಳಿಗೂ ಅದೇ ಸಿಂಗಾರ. ಯಾವುದು ನನ್ನದು, ಯಾವುದು ಅಲ್ಲ ಎಂದು ನನ್ನಪ್ಪನಾಣೆಗೂ ಗೊತ್ತಾಗಲಿಲ್ಲ.

ಹಲಸಿನ ಬುಡದಲ್ಲಿ ನಾಲ್ಕಾರು ಹೆಂಗಸರು ಕೂತು ಇನ್ನೂ ಗೆರೆ ಎಳೆಯುತ್ತಿದ್ದರು. ಅವರಲ್ಲಿ ಹಿರಿಯಾಕೆ ಕನ್ನಮ್ಮ. ಎದುರಿನ ಮನೆಯೇ ಅವರದು. ಕೈಯಲ್ಲಿ ಪುಂಡಿನಾರಿನ ಕುಂಚ.

“ಬಾ ತಮ್ಮಾ, ಬಿದ್ಯಾ? ಪೆಟ್ಟಾಗಿಲ್ಲ ತಾನೆ? ಹೆಂಗೈತೆ ನೋಡು,” ಅಂದರು.

“ಏನಮ್ಮಾ ಇದು? ಯಾರು ಮಾಡಿದ್ದು?”

“ಶುರು ಮಾಡಿದ್ದು ನೀವು, ಮುಗಿಸಿದ್ದು ನಾವು. ಕೆಮ್ಮಣ್ಣು ಬಳ್ದು, ಬಿಳೇದು ಒಂದೆರ್ಡು ಗೀಟು ಎಳ್ದು ಹಂಗೇ ಬಿಟ್ಟು ಹೋಗಿದ್ರಲ್ಲ. ಹಬ್ಬ ಎದುರಿಗೈತೆ. ಅರ್ಧ ಬರ್ದ ಚಿತ್ತಾರ ಯಾರಾದ್ರೂ ಬಿಡ್ತಾರಾ? ಪಾಪ, ಗಂಡಸ್ರಿಗೆ ಕೈ ಕೂಡಿ ಬರ್ಲಿಲ್ಲ ಅಂತ ನಾವೇ ತಿದ್ದಿದ್ವಿ.”

ಪಕ್ಕದಲ್ಲಿದ್ದವಳು, “ಒಂದಕ್ಕೆ ಸೀರೆ ಉಡ್ಸಿ ಇನ್ನೊಂದನ್ನ ಬರಿಮೈಲಿ ನಿಲ್ಸಕಾಗ್ತದಾ? ಅದ್ಕೇ ಎಲ್ಲಾ ಮರಕ್ಕೂ ಬರ್ದ್ವಿ. ಸರ್ಕಾರಕ್ಕೂ ಭೂಮಿ ಹುಣ್ಣಿಮೆ ಬಂತಲ್ಲ ಅಂತ ಊರಿಗೂರೇ ಖುಷಿಯಾಗೈತೆ,” ಅಂದಳು.

ಬಯಲುಸೀಮೆಯ ಅಂಚಿನವನಾದ ನನಗೆ ಆಗ ಗೊತ್ತಾಯಿತು. ಆ ಭಾಗದ ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಸಾರಿಸಿ ಬಿಳಿ ಚಿತ್ತಾರ ಬರೆಯುತ್ತಾರೆ. ಗದ್ದೆಯಲ್ಲಿ ತೆನೆ ಕಟ್ಟುವ ಆ ಹೊತ್ತಿನಲ್ಲಿ ಭೂಮಿತಾಯಿ ಬಸುರಿ. ಆ ಬುಟ್ಟಿಯಲ್ಲಿ ಕಡುಬು, ಪಲ್ಯ ಎಲ್ಲ ತುಂಬಿಕೊಂಡು ಹೋಗಿ ಅವಳಿಗೆ ಬಯಕೆ ಊಟ ಬಡಿಸುತ್ತಾರೆ. ಕೆಮ್ಮಣ್ಣಿನ ಮೇಲೆ ಬಿಳಿ ಗೆರೆ ಕಂಡರೆ ಅವರಿಗೆ ಅದು ಶುಭಕಾರ್ಯ. ಬೇರೆ ಏನೂ ಆಗಿರಲು ಸಾಧ್ಯವೇ ಇಲ್ಲ. ನಾನೋ, ಹಬ್ಬದ ಮುಂದೆ ಅದೇ ಬಣ್ಣದಲ್ಲಿ ಸಾವಿನ ಗುರುತು ಹಾಕಿ ಹೋಗಿದ್ದೆ.

ನನಗೆ ಮೊದಲು ನಗು ಉಕ್ಕಿತು. ಬೇಲಿಯ ಮುಳ್ಳು ಕೀಳುತ್ತಾ ನಕ್ಕೆ. ಅವರೂ ನಕ್ಕರು. ಆಮೇಲೆ, ಹೇಳದೆ ವಿಧಿಯಿಲ್ಲ ಎಂದು ಹೇಳಿದೆ. “ಅಮ್ಮಾ, ಅದು ಸಿಂಗಾರ ಅಲ್ಲ. ಕಡಿಯೋ ಮರದ ಗುರುತು.”

ಕುಂಚ ಹಿಡಿದ ಕೈಗಳೆಲ್ಲ ನಿಂತವು. ಕನ್ನಮ್ಮ ಹಲಸಿನ ಮೇಲೆ ಅಂಗೈ ಇಟ್ಟು, “ಇದಕ್ಕೂ ಹಾಕಿದ್ರಾ ತಮ್ಮಾ?” ಎಂದರು. ಹೌದೆಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಭ್ಯಾಸವಿತ್ತು. ಸುಮ್ಮನೆ ಸೆರಗಿಗೆ ಕೈ ಒರೆಸಿಕೊಂಡು ಮನೆಯೊಳಗೆ ಹೋದರು.

ಮಾರನೆಯ ದಿನ ರಾಯರ ಜೀಪು ಬಂತು. ಇಳಿದವರು ಟೋಪಿ ಹಿಂದಕ್ಕೆ ಸರಿಸಿ ಸಾಲನ್ನು ನೋಡಿದರು.

“ಏನ್ರೀ ಓವರ್ಸಿಯರ್, ಇದೇನು ರಸ್ತೆಯೋ, ಮದುವೆ ಮನೆಯೋ?”

ನಡೆದದ್ದನ್ನು ಹೇಳಿದೆ. ಅವರ ಕಿವಿಗಳು ಕೆಂಪಾದವು.

“ತೊಳೆಸಿ ಹಾಕಿ!”

ಊರಿನವರೆಲ್ಲ ಅಷ್ಟು ಹೊತ್ತಿಗೆ ಸೇರಿದ್ದರು. ಕನ್ನಮ್ಮ ಮುಂದೆ ಬಂದರು. “ತೊಳಿಯಂಗಿಲ್ಲ ಸಾಯೇಬ್ರೆ. ಹಬ್ಬಕ್ಕೆ ಬರ್ದ ಚಿತ್ತಾರಾನ ಮನುಷ್ಯರು ಅಳ್ಸಂಗಿಲ್ಲ. ಬಿಸ್ಲು ಮಳೇನೇ ಅಳ್ಸಬೇಕು.”

ರಾಯರು ನನ್ನ ಕಡೆ ತಿರುಗಿದರು. “ನೀವೇ ನಿಂತು ಹಾಕಿಸಿದ್ದಲ್ವೇ? ನೆನಪಿನ ಮೇಲೆ ತೋರಿಸಿ, ಯಾವುದು ಯಾವುದು?”

ನಿಜ ಹೇಳಬೇಕೆಂದರೆ ಕೆಲವು ನೆನಪಿದ್ದವು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. “ಸಾರ್, ಗುರುತು ಸ್ಪಷ್ಟವಾಗಿ ಕಾಣದ ಮರಕ್ಕೆ ಕೊಡಲಿ ಮುಟ್ಟಿಸಬಾರದು ಅಂತ ತಮ್ಮದೇ ಅಪ್ಪಣೆ.”

ಹಿಂದಿನಿಂದ ಗ್ಯಾಂಗಿನ ಮೇಸ್ತ್ರಿ, “ಹೋಯ್ತು ನಿಮ್ಮ ನೌಕ್ರಿ,” ಎಂದು ಪಿಸುಗುಟ್ಟಿದ. ರಾಯರು ನನ್ನನ್ನು ನೋಡಿದರು, ಮರ ನೋಡಿದರು, ಕೊಕ್ಕರೆಯಾದ ನಂಬರು ನೋಡಿದರು. ಆಮೇಲೆ ತಣ್ಣಗೆ ಹೇಳಿದರು. “ಹೌದು. ನಾನೇ ಮಾಡಿದ ರೂಲು. ಹೊಸದಾಗಿ ಡಂಗುರ ಹೊಡೆಸಿ. ಈ ಊರಲ್ಲೇ ಹೊಡೆಸಿ. ತಕರಾರು ಇದ್ದವರೆಲ್ಲ ಬರಲಿ.”

ಎಂಥಾ ಸಮಾಧಾನ ನನಗೆ! ಮೇಲಧಿಕಾರಿಯ ಕಾಲಿಗೆ ಬೀಳಬೇಕು ಎಂದು ಸರ್ವೀಸಿನಲ್ಲಿ ಮನಸಾರೆ ಅನ್ನಿಸಿದ್ದು ಅದೊಂದೇ ಸಲ.

ತಕರಾರು ಕೇಳಿದ್ದು ಆ ಹಲಸಿನ ಕೆಳಗೇ. ರಾಯರಿಗೆ ಕುರ್ಚಿ ಹಾಕಿದ್ದರು. ಗಂಡಸರು ಎದ್ದು ನೆರಳು, ಹಣ್ಣು, ಗಾಳಿ ಎಂದು ತಮಗೆ ತೋಚಿದ್ದನ್ನು ಹೇಳಿದರು. ರಾಯರು ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟರು: “ಬಸ್ಸು ಹೋಗಬೇಕೋ ಬೇಡವೋ?” ಬಸ್ಸು ಬೇಕಾಗಿತ್ತು. ಎಲ್ಲರೂ ಕೂತರು. ಆಗ ಕನ್ನಮ್ಮ ಎದ್ದರು.

“ಈ ಹಲಸಿನ ಬೀಜ ನನ್ನ ತವರಿಂದು ಸಾಯೇಬ್ರೆ. ಮದ್ವೆಯಾಗಿ ಬರುವಾಗ ನಮ್ಮವ್ವ ಮಡ್ಲಕ್ಕಿ ಜೊತೆ ಕಟ್ಟಿದ್ದು. ಆಗ ಇದು ಗಾಡಿ ದಾರಿ, ದಾರಿ ಅಂಚಲ್ಲಿ ಹುಗ್ದೆ. ಆಮೇಲೆ ಹೊಳೆಗೆ ಕಟ್ಟೆ ಕಟ್ಟಿದ್ರು. ನನ್ನ ತವರು ಮನೆ, ಅಂಗಳ, ತಾಯಿಮರ ಎಲ್ಲ ನೀರಡಿ ಹೋತು. ಅಣ್ಣ ತಮ್ಮದಿರು ದಿಕ್ಕಿಗೊಬ್ರಾದ್ರು. ಬ್ಯಾರೆ ಹೆಣ್ಮಕ್ಳು ಹಬ್ಬಕ್ಕೆ ತವರಿಗೆ ಹೋಗ್ತಾರೆ. ನಾನು ಮನೆಯಿಂದ ಎದ್ದು ಬಂದು ಇಲ್ಲಿ ಕೂತ್ಕೊತೀನಿ. ನನ್ನ ತವರು ಅಂತ ಉಳ್ದಿರದು ಇದೊಂದೇಯ.”

ರಾಯರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಆದ್ರೂ ಅಮ್ಮ, ಕಾಯಿದೆ ಪ್ರಕಾರ ಈ ಮರ ನಿಮ್ಮದಲ್ಲ, ಸರ್ಕಾರದ್ದು.”

“ಸರ್ಕಾರದ್ದೇ ಆಗ್ಲಿ! ಕಡೀಬ್ಯಾಡಿ ಅಂದ್ನೇ ಹೊರ್ತು ನಂದು ಅಂತ ಎಲ್ಲಂದೆ? ದಾರಿಗೆ ಜಾಗ ಬೇಕಾದ್ರೆ ಎದುರಿಗೆ ನನ್ನ ಹಿತ್ಲು ಐತೆ. ಬೇಲಿ ಹಿಂದಕ್ಕೆ ಸರ್ಸ್ಕೊಳ್ರಿ.”

“ಹಾಗೆ ಮಾಡಿದ್ರೆ ರಸ್ತೆ ಡೊಂಕಾಗುತ್ತೆ.”

“ಆದ್ರೆ ಆಗ್ಲಿ ಬಿಡ್ರಿ. ಬಸ್ಸಿಗೇನು ಸೊಂಟ ನೋಯ್ತದಾ?”

ಜನ ಗೊಳ್ಳೆಂದು ನಕ್ಕರು. ರಾಯರು ನಗಲಿಲ್ಲ. ‘ನೋಡೋಣ’ ಎಂದಷ್ಟೇ ಹೇಳಿ ಎದ್ದರು. ಜೀಪು ಹತ್ತುವ ಮೊದಲು ನನಗೆ ಹೊಸ ಹುಕುಂ ಕೊಟ್ಟರು. “ಇನ್ನು ಮೇಲೆ ಕಡಿಯೋ ಮರಕ್ಕೆ ಡಾಂಬರಿನ ಪಟ್ಟಿ ಹಾಕಿ. ಕೆಮ್ಮಣ್ಣು ಹೇಗೂ ಇವರಿಗೆ ಮಂಗಳ. ಉಳಿಸೋ ಮರಕ್ಕೆ ಕೆಮ್ಮಣ್ಣು ಇರಲಿ. ಈ ಊರಿಂದ ಆನವಟ್ಟಿ ತನಕ ಇರೋ ಮರಗಳನ್ನೂ ಸೇರಿಸಿ ಗುರುತು ಹಾಕಿ. ಇಲ್ಲಿಯ ಚಿತ್ತಾರ ಅಳಿದ ಮೇಲೆ ಇವಕ್ಕೂ ಹಾಕಿ.”

ಕನ್ನಮ್ಮ ಅಲ್ಲೇ ನಿಂತಿದ್ದರು. “ಕೆಮ್ಮಣ್ಣು ಬಳ್ದ ಮರ ಕಡಿಯಂಗಿಲ್ವಾ ಸಾಯೇಬ್ರೆ?”

“ಕಡಿಯೋ ಹಾಗಿಲ್ಲ. ರೂಲು ಅಂದ್ರೆ ರೂಲು.”

ನಾನು ಡಾಂಬರಿನ ಡ್ರಮ್ಮು ತರಲು ಸೊರಬಕ್ಕೆ ಹೋದೆ. ಸ್ಟೋರಿನವನು ಬೀಗದ ಕೈ ಹುಡುಕಿ, ಡ್ರಮ್ಮು ಹುಡುಕಿ, ಗಾಡಿ ಹೊಂದಿಸಿ ಕೊಡುವಷ್ಟರಲ್ಲಿ ಹುಣ್ಣಿಮೆ ಬಂದೇಬಿಟ್ಟಿತು. ಹಬ್ಬದ ದಿನ ಬೆಳಿಗ್ಗೆ ಡಾಂಬರು ಹಾಕಬೇಕಾದ ಮರಗಳನ್ನು ಆರಿಸಲು ರಾಯರೂ ನಾನೂ ಜೀಪಿನಲ್ಲಿ ಆನವಟ್ಟಿ ಕಡೆಯಿಂದ ಹೊರಟೆವು. ಊರು ದಾಟುತ್ತಲೇ ಮೊದಲ ಮರ ಕಂಡಿತು. ಕೆಮ್ಮಣ್ಣು. ಎರಡನೆಯದು, ಕೆಮ್ಮಣ್ಣು. ಅದರಾಚೆ ಮಾವು, ಹೊಂಗೆ, ಅತ್ತಿ, ಎಲ್ಲವೂ ಕೆಮ್ಮಣ್ಣು. ಕನ್ನಮ್ಮ ದಾರಿಯುದ್ದಕ್ಕೂ ಇರುವ ಊರುಗಳ ಹೆಂಗಸರಿಗೆಲ್ಲ ಹೇಳಿ ಕಳಿಸಿದ್ದರು! ಬೇಲಿಯ ಗೂಟ, ಮೊನ್ನೆ ಮೊನ್ನೆ ಚಿಗುರಿದ ಮೊಣಕಾಲೆತ್ತರದ ಗಿಡ, ಯಾವುದನ್ನೂ ಬಿಟ್ಟಿರಲಿಲ್ಲ. ನಮ್ಮ ರೋಡ್ ರೋಲರನ್ನು ಒಂದು ಮರಕ್ಕೆ ಒತ್ತಿ ನಿಲ್ಲಿಸಿದ್ದೆವು. ಅದರ ಮುಂದಿನ ಗಾಲಿಗೂ ಒಂದು ಜೋಡಿ ಕೊಕ್ಕರೆ ಬರೆದಿದ್ದರು.

ನನಗೆ ನಗು ತಡೆಯಲಾಗುತ್ತಿಲ್ಲ, ಪಕ್ಕದಲ್ಲಿ ರಾಯರು ಕಲ್ಲಿನ ಹಾಗೆ ಕೂತಿದ್ದಾರೆ. ತುಟಿ ಕಚ್ಚಿಕೊಂಡು ಹೊರಗೆ ನೋಡುತ್ತಿದ್ದೆ. ಕನ್ನಮ್ಮನ ಊರು ಬಂತು. ಅಲ್ಲಿನದು ಇನ್ನೂ ಚೋದ್ಯ. ಎದುರು ಸಾಲಿನ ಮನೆಗಳವರೆಲ್ಲ ತಮ್ಮ ತಮ್ಮ ಬೇಲಿಯನ್ನು ತಾವೇ ಕಿತ್ತು ಒಳಕ್ಕೆ ನೆಟ್ಟುಕೊಂಡಿದ್ದರು. ಬೇಕಾದಷ್ಟು ಅಗಲದ ಜಾಗ ತೆರೆದುಕೊಂಡು ಬಿದ್ದಿತ್ತು.

ರಾಯರು ಹಲಸಿನ ಹತ್ತಿರ ಜೀಪು ನಿಲ್ಲಿಸಿದರು. ಕನ್ನಮ್ಮ ಹೊಸ ಸೀರೆ ಉಟ್ಟು, ಬರೆದ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಕೈಗೆ ಮೊಣಕೈ ತನಕ ಕೆಮ್ಮಣ್ಣು ಹಿಡಿದಿತ್ತು.

“ಏನಮ್ಮಾ ಇದು, ಎಲ್ಲಾ ಮರಕ್ಕೂ ಕೆಮ್ಮಣ್ಣು ಬಳಿದ್ರೆ ನಾನು ಯಾವುದನ್ನ ಕಡೀಲಿ?”

“ಅದನ್ನೇ ಅಲ್ವಾ ಸಾಯೇಬ್ರೆ, ನಾವು ಮೊದ್ಲಿಂದ ಕೇಳ್ತಿರದು?”

ರಾಯರ ಭುಜ ಅಲುಗತೊಡಗಿತು. ಸಿಟ್ಟಿನಿಂದ ಎಂದುಕೊಂಡೆ. ಅಲ್ಲ, ಆ ಮನುಷ್ಯ ನಗುತ್ತಿದ್ದರು. ಟೋಪಿ ತೆಗೆದು, ಜೀಪಿನ ಬಾನೆಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಊರೇ ನಕ್ಕಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟೆ.

ನಗು ನಿಂತಮೇಲೆ ಕಣ್ಣು ಒರೆಸಿಕೊಂಡು, “ದಾರ ತಗೊಳ್ರೀ ಓವರ್ಸಿಯರ್. ಬೇಲಿ ಕಡೆಗೆ ಎಳೀರಿ. ಡೊಂಕಾದರೆ ಆಗಲಿ,” ಎಂದರು.

ಕನ್ನಮ್ಮ ಹಲಸಿಗೆ ಬೆನ್ನು ಕೊಟ್ಟು ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡರು. ಆಮೇಲೆ ಬುಟ್ಟಿ ಬಿಚ್ಚಿ, ಮರದ ಕೆಳಗೆ ಬಾಳೆಲೆ ಹಾಸಿ, ಎರಡು ಕಡುಬು ಇಟ್ಟು ರಾಯರನ್ನು ಕರೆದರು.

“ಬಾ ಅಣ್ಣಾ. ನನ್ನ ತವರಿಗೆ ಬಂದೀಯ, ಉಣ್ದೆ ಹೋಗಂಗಿಲ್ಲ.”

ರಾಯರು ಜಲ್ಲಿಯ ಗುಡ್ಡೆಯ ಮೇಲೆ ಕೂತು ಬೂಟಿನ ಲೇಸು ಬಿಚ್ಚತೊಡಗಿದರು.